ಕೈ ಬಿಚ್ಚಲು ಬರುವ ವೀಲ್‌ಚೇರ್: ನಮ್ಮ ಅನುಭವ

ನಮ್ಮದು ತುಮಕೂರು ಜಿಲ್ಲೆ, ಗುಬ್ಬಿ ಕಡೆಯ ಹಳ್ಳಿ. ಬದುವಿನ ಜಗಳದಲ್ಲಿ ನಮ್ಮ ಯಜಮಾನರ ಬೆನ್ನಿಗೆ ಮಚ್ಚಿನೇಟು ಬಿದ್ದು ಸೊಂಟದಿಂದ ಕೆಳಗೆ ಸ್ವಾಧೀನ ಹೋಯಿತು. ಕೇಸು ಕೋರ್ಟಿನಲ್ಲಿದೆ, ಅದು ಇಲ್ಲಿ ಬೇಡ. ತುಮಕೂರಿನ ಸರ್ಜಿಕಲ್ ಅಂಗಡಿಯೊಂದರಲ್ಲಿ ತಂದ ವೀಲ್‌ಚೇರ್ ಬಗ್ಗೆ ಮಾತ್ರ ಬರೆಯುತ್ತೇನೆ.

ಮಡಚುವ ಕಬ್ಬಿಣದ ಕುರ್ಚಿಯೇ. ಆದರೆ ಎರಡೂ ಕಡೆಯ ಕೈ, ಅಂದರೆ ಕೂತಾಗ ತೋಳು ಇಡುವ ಭಾಗ, ಬಿಚ್ಚಬಹುದು, ಕಾಲಿಡುವ ತಟ್ಟೆ ಪಕ್ಕಕ್ಕೆ ಸರಿಯುತ್ತದೆ. ಅಂಗಡಿಯವರು ಮೊದಲು ತೋರಿಸಿದ್ದು ಕೈ ಬಿಚ್ಚದ ಅಗ್ಗದ ಕುರ್ಚಿ. ಫಿಸಿಯೋಥೆರಪಿ ಮೇಡಂ ಮೊದಲೇ ಹೇಳಿ ಕಳಿಸಿದ್ದರಿಂದ ನಾನು ಪಟ್ಟು ಬಿಡಲಿಲ್ಲ. ಮಂಚಕ್ಕೆ ಒತ್ತಿ ಕುರ್ಚಿ ನಿಲ್ಲಿಸಿ, ಎರಡೂ ಬ್ರೇಕ್ ಹಾಕಿ, ಮಂಚದ ಕಡೆಯ ಕುರ್ಚಿ ಕೈ ತೆಗೆದು, ನುಣ್ಣನೆಯ ಹಲಗೆಯ ಒಂದು ತುದಿಯನ್ನು ತೊಡೆ ಕೆಳಗೆ ತೂರಿಸಿ ಇನ್ನೊಂದನ್ನು ಸೀಟಿನ ಮೇಲಿಟ್ಟರೆ ಸಾಕು, ಅವರೇ ಕೈ ಊರಿ ಜಾರಿಕೊಂಡು ಬಂದು ಕೂರುತ್ತಾರೆ. ಮುಂಚೆ ಮೈದುನ ತೋಟದಿಂದ ಬರುವ ತನಕ ಕಾದು ಇಬ್ಬರೂ ಸೇರಿ ಎತ್ತಬೇಕಿತ್ತು. ಈಗ ಬೆಳಿಗ್ಗೆ ಮಗಳಿಗೆ ಜಡೆ ಹಾಕುವುದು ಅಪ್ಪನೇ. ಬೈತಲೆ ಸೊಟ್ಟ ಅಂತ ದಿನಾ ಜಗಳ. ತೆಂಗಿನಕಾಯಿ ವ್ಯಾಪಾರಿ ಬಂದರೆ ಚೌಕಾಸಿ ಮಾಡುವುದೂ ಅವರೇ. ಅಷ್ಟರ ಮಟ್ಟಿಗೆ ಯಜಮಾನಿಕೆ ವಾಪಸ್ ಕೊಟ್ಟಿದ್ದೇನೆ, ದುಡ್ಡಿನ ಬೀಗದ ಕೈ ಇನ್ನೂ ನನ್ನ ಹತ್ತಿರವೇ ಇದೆ!

ಇನ್ನು ಬೇಜಾರಿನ ವಿಷಯ. ಸೀಟು ಬರೀ ರೆಕ್ಸಿನ್, ಬೇಗ ಜೋತುಬಿತ್ತು. ಸ್ಪರ್ಶ ಗೊತ್ತಾಗದ ಮೈಗೆ ಒತ್ತಡದಿಂದ ಹುಣ್ಣಾದರೂ ನೋವು ಆಗಲ್ಲ, ಕಣ್ಣಿಗೆ ಬೀಳುವಷ್ಟರಲ್ಲಿ ಜಾಸ್ತಿ ಆಗಿರುತ್ತೆ. ಕುಶನ್ ಬೇರೆ ಕೊಳ್ಳಲೇಬೇಕು. ಕುಶನ್ ಇದ್ದರೂ ಕೂತಲ್ಲೇ ಆಗಾಗ ಕೈ ಊರಿ ಮೈ ಎತ್ತಬೇಕು, ರಾತ್ರಿ ಎರಡು ಗಂಟೆಗೊಮ್ಮೆ ಮಗ್ಗುಲು ಬದಲಿಸಬೇಕು. ಆ ಪಾಳಿ ನಾನು, ಅತ್ತೆ ಹಂಚಿಕೊಂಡಿದ್ದೇವೆ. ಮುಂದಿನ ಚಿಕ್ಕ ಚಕ್ರ ಅಂಗಳದ ಮಣ್ಣಲ್ಲಿ ಹೂತುಹೋಗುತ್ತೆ. ಎರಡಡಿಯ ಬಚ್ಚಲು ಬಾಗಿಲಲ್ಲಿ ಕುರ್ಚಿ ಹೋಗಲ್ಲ, ಕೊಳ್ಳುವ ಮುಂಚೆ ಟೇಪ್ ಹಿಡಿದು ಅಳೆದುಕೊಳ್ಳಿ.

ರ‍್ಯಾಂಪ್ ವಿಷಯದಲ್ಲಿ ಮೇಸ್ತ್ರಿ ಮಾತು ಕೇಳಬೇಡಿ. ಒಂದಡಿ ಎತ್ತರದ ಜಗುಲಿಗೆ ಹನ್ನೆರಡು ಅಡಿ ಉದ್ದದ ಇಳಿಜಾರು ಬೇಕು. ನಾಲ್ಕಡಿ ಸಾಕು ಅಂದರು ನಮ್ಮ ಮೇಸ್ತ್ರಿ. ಅಷ್ಟು ಕಡಿದಾದರೆ ಹತ್ತುವಾಗ ಕುರ್ಚಿ ಹಿಂದಕ್ಕೆ ಮಗುಚುತ್ತೆ, ಅಲ್ವಾ?

ದುಡ್ಡಿನ ವಿಷಯ ಒಂದು. ಹಲ್ಲೆಯಿಂದ ಹೀಗಾದವರು ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರಕ್ಕೆ ಪರಿಹಾರಕ್ಕಾಗಿ ಅರ್ಜಿ ಹಾಕಬಹುದು. ಕರ್ನಾಟಕದಲ್ಲಿ ಇದಕ್ಕೆ ಯೋಜನೆ ಇದೆ. ತೀರ್ಪು ಬರುವ ತನಕ ಸುಮ್ನೆ ಕೂರಬೇಡಿ, ಮಧ್ಯಂತರ ಪರಿಹಾರ ಕೇಳಲೂ ಅವಕಾಶ ಇದೆ. ಎಫ್‌ಐಆರ್, ಡಿಸ್ಚಾರ್ಜ್ ಸಮ್ಮರಿ, ಅಂಗಡಿ ಬಿಲ್ಲು ಎಲ್ಲ ಒಂದೇ ಫೈಲಿನಲ್ಲಿಟ್ಟುಕೊಳ್ಳಿ.

ಕುರ್ಚಿಗೆ ಐದಕ್ಕೆ ಮೂರೂವರೆ. ಕುರ್ಚಿಯ ಎಡಗಡೆ ಕೈಯ ಲಾಕ್ ಸಡಿಲವಾಗಿದೆ, ಬೇರೆ ತರಿಸಿಕೊಡುತ್ತೇವೆ ಅಂದವರು ಇನ್ನೂ ತರಿಸಿಲ್ಲ. ತರಿಸಿದರೆ ನಾಲ್ಕು ಮಾಡುತ್ತೇನೆ.