ತೊಟ್ಟಿಲ ಕೊಂಡಿಗೆ ಕಟ್ಟಿದ ಫೋನು

ನಮ್ಮೂರು ಸಿಂಧನೂರು. ಮಗಳು 31 ವಾರಕ್ಕೇ ಹುಟ್ಟಿದಳು, ತೂಕ 1 ಕೆಜಿ 400 ಗ್ರಾಂ. ರಾಯಚೂರಿನ ಆಸ್ಪತ್ರೆಯಲ್ಲಿ 36 ದಿನ ಕೂಸನ್ನು ಬೆಚ್ಚಗಿಡುವ ಪೆಟ್ಟಿಗೆಯಲ್ಲಿ ಇಟ್ಟಿದ್ದರು. ಮನೆಗೆ ಕಳಿಸುವಾಗ, ವಾರಕ್ಕೆ ಎರಡು ಸಲ ಫಿಸಿಯೋಥೆರಪಿಗೆ ಬನ್ನಿ ಅಂದರು. ಮೇ ತಿಂಗಳ ಬಿಸಿಲು, ಬಸ್ಸಿನಲ್ಲಿ ಎರಡೂವರೆ ತಾಸು. ನಾಲ್ಕು ಸಲ ಹೋದೆ, ಐದನೇ ಸಲ ಆಗಲಿಲ್ಲ. ಆಮೇಲೆ ವಿಡಿಯೋ ಕಾಲ್‌ನಲ್ಲಿ ಹೇಳಿಕೊಡುವ ಈ ಸೇವೆ ಹಿಡಿದೆವು. ಒಂದು ಸಲಕ್ಕೆ 350 ರೂಪಾಯಿ. ಈಗ ಆರು ತಿಂಗಳಾಯಿತು.

ಆಟಿಕೆ ತರಿಸುತ್ತಾರೆ ಅಂದುಕೊಂಡಿದ್ದೆ. ಕಾಲ್‌ನಲ್ಲಿ ಹೇಳಿಕೊಡುವ ಫಿಸಿಯೋಥೆರಪಿ ಮೇಡಂ ಕೇಳಿದ್ದು ಮನೆಯಲ್ಲಿ ಏನಿದೆ ಅಂತ. ಅತ್ತೆಯ ಹಳೇ ಕೌದಿ ನೋಡಿ, "ಇದನ್ನೇ ನೆಲದ ಮೇಲೆ ಹಾಸ್ರಿ, ಮೆತ್ತನೆ ಗಾದಿ ಬ್ಯಾಡ" ಅಂದರು. ಎದೆ ಕೆಳಗೆ ಟವೆಲ್ ಸುರುಳಿ ಇಟ್ಟು ಬೋರಲು ಮಲಗಿಸಬೇಕು. ಎಚ್ಚರ ಇದ್ದಾಗ ಮಾತ್ರ, ಮೊದಮೊದಲು ಒಂದೊಂದು ನಿಮಿಷ. ಅವಳ ಕಣ್ಣ ಮುಂದೆ ಸ್ಟೀಲ್ ತಂಬಿಗೆ, ಅದಕ್ಕೆ ನನ್ನ ಕೆಂಪು ಬಳೆ. ಅಷ್ಟೇ ಸಾಮಾನು.

ಜಗಳ ಆಗಿದ್ದು ಸೀರೆ ಜೋಳಿಗೆಗೆ. ದಿನವಿಡೀ ಅದರಲ್ಲೇ ಇದ್ದರೆ ಕೂಸು ಕೈಕಾಲು ಆಡಿಸುವುದು ಯಾವಾಗ ಅಂತ ಮೇಡಂ. "ನನ್ನ ನಾಲ್ಕೂ ಮಕ್ಕಳು ಜೋಳಿಗ್ಯಾಗ ಬೆಳದಾವ" ಅಂತ ಅತ್ತೆ. ಮೇಡಂ ಜಾಣೆ, ವಾದಕ್ಕೆ ಇಳಿಯಲಿಲ್ಲ. "ಅಮ್ಮಾ, ನೀವು ಎಣ್ಣೆ ಹಚ್ಚಿ ಎರೀತೀರಲ್ಲ, ಆಗ ಎರಡೂ ಅಂಗೈ ಕೂಡಿಸ್ರಿ, ಪಾದ ಕೈಗೆ ಮುಟ್ಟಿಸ್ರಿ" ಅಂದರು. ಅವತ್ತಿನಿಂದ ಕಾಲ್ ಬಂದರೆ ನನಗಿಂತ ಮುಂಚೆ ಅತ್ತೆ ಕೂತಿರುತ್ತಾರೆ.

ಐದು ತಿಂಗಳಾದಾಗ ಪಕ್ಕದ ಮನೆಯವರದು ಒಂದೇ ಮಾತು, ಇನ್ನೂ ಹೊಳ್ಳಂಗಿಲ್ಲೇನು ಅಂತ. 9 ವಾರ ಮೊದಲೇ ಹುಟ್ಟಿದ್ದಾಳೆ, ಅದನ್ನು ಕಳೆದು ಮೂರು ತಿಂಗಳು ಅಂತ ಎಣಿಸಿ ಅಂದರು ಮೇಡಂ. ಆಗಲೇ ಮೇಲಿನಿಂದ ಒಂದು ವಿಡಿಯೋ ತೆಗೆಯಲು ಹೇಳಿದ್ದು. ಹೆರಿಗೆ ಆಗಬೇಕಿದ್ದ ದಿನದಿಂದ 3ರಿಂದ 5 ತಿಂಗಳ ಒಳಗೆ ಕೂಸಿನ ಕುತ್ತಿಗೆ, ಕೈಕಾಲಲ್ಲಿ ಸಣ್ಣಗೆ ಸುಳಿದಾಡುವ ಚಲನೆ ಇರಬೇಕಂತೆ. ಅದು ಕಾಣದಿದ್ದರೆ ಸೆರೆಬ್ರಲ್ ಪಾಲ್ಸಿಯ, ಅಂದರೆ ಮೆದುಳಿನ ತೊಂದರೆಯಿಂದ ಕೈಕಾಲು ಸರಿಯಾಗಿ ಆಡದಿರುವುದರ, ಅಪಾಯ ಜಾಸ್ತಿ. ವಿಡಿಯೋ ತೆಗೆಯುವಾಗ ಮಗು ಅಳಬಾರದು, ನಿದ್ದೆಯಲ್ಲಿರಬಾರದು, ಯಾರೂ ಮಾತಾಡಿಸಬಾರದು. ನಮ್ಮವರು ತೊಟ್ಟಿಲ ಕೊಂಡಿಗೆ ಫೋನು ಕಟ್ಟಿದರು. ಮೂರು ಸಲ ವಿಡಿಯೋ ಹಾಳಾಯಿತು, ಅತ್ತೆ "ಬಂಗಾರಿ" ಅನ್ನದೆ ಇರಲಾರರು! ನಾಲ್ಕನೆಯದು ಸರಿ ಬಂತು. ಚಲನೆ ಇದೆ ಅಂತ ಸಂಜೆ ಮೆಸೇಜ್ ಬಂದಾಗ ನಾನು ಅಡುಗೆಮನೆಗೆ ಹೋಗಿ ಅತ್ತುಬಿಟ್ಟೆ.

ದೂರೂ ಇದೆ. ಆ್ಯಪ್ ಪೂರ್ತಿ ಇಂಗ್ಲಿಷ್‌ನಲ್ಲಿದೆ. ಅದಕ್ಕಿಂತ ದೊಡ್ಡದು: "ಕಾಲು ಬಿಗಿ ಅನಿಸ್ತದೇನ್ರಿ?" ಅಂತ ನನ್ನನ್ನೇ ಕೇಳಿದರೆ ನನಗೆ ಹೇಗೆ ಗೊತ್ತಾಗಬೇಕು? ಬಲಗಾಲ ಹಿಮ್ಮಡಿ ಬಿಗಿ ಇದ್ದದ್ದು ರಾಯಚೂರಿಗೆ ಹೋಗಿ ಹಿಡಿದು ನೋಡಿದಾಗಲೇ ತಿಳಿದಿದ್ದು. ನಡುವೆ ಒಂದು ಸಲ ನೇರವಾಗಿ ತೋರಿಸಿ ಅಂತ ಇವರೇ ಮೊದಲು ಹೇಳಬೇಕಿತ್ತು, ಅಲ್ವಾ? ದುಡ್ಡಿಗೆ ಕಷ್ಟ ಇರುವವರು ಅಂಗನವಾಡಿಗೆ ಬರುವ ಆರ್‌ಬಿಎಸ್‌ಕೆ (ಮಕ್ಕಳ ಆರೋಗ್ಯ ತಪಾಸಣೆಯ ಸರ್ಕಾರಿ ಯೋಜನೆ) ಡಾಕ್ಟರನ್ನು ಕೇಳಿ, ಅದು ಉಚಿತ.

ಐದಕ್ಕೆ ನಾಲ್ಕು ಕೊಡುತ್ತೇನೆ. ಮುಂದಿನ ತಿಂಗಳಿಗೂ ಕಟ್ಟಿದ್ದೇನೆ. ಬೆಳಗ್ಗೆ ಹತ್ತರ ಹೊತ್ತು ಮಾತ್ರ ಬೇಡ ಅಂದಿದ್ದೇನೆ, ಆಗ ಕರೆಂಟ್ ಇರಲ್ಲ.