ಹಳೆ ಮಸ್ಟಾಂಗ್‌ಗೆ ರ‍್ಯಾಕ್ ಅಂಡ್ ಪಿನಿಯನ್ ಕಿಟ್: ದುಡ್ಡು ಕೊಡುವ ಮುಂಚೆ ಟೇಪು ಹಿಡಿಯಿರಿ

ನೇರ ರಸ್ತೆಯಲ್ಲೂ ಸ್ಟೀರಿಂಗನ್ನು ಆಚೀಚೆ ತಿದ್ದುತ್ತಲೇ ಇರಬೇಕು. ನಿಂತಲ್ಲಿ ತಿರುಗಿಸಬೇಕೆಂದರೆ ರಟ್ಟೆಯ ಬಲವೆಲ್ಲ ಬೇಕು. 1965ರಿಂದ 1970ರವರೆಗಿನ ಫೋರ್ಡ್ ಮಸ್ಟಾಂಗ್ ಓಡಿಸುವವರ ಎರಡು ಖಾಯಂ ದೂರುಗಳಿವು. ಅಮೆರಿಕದ ಮಾರುಕಟ್ಟೆಯಲ್ಲಿ ಎರಡಕ್ಕೂ ಒಂದೇ ಮದ್ದು ಎಂಬಂತೆ ರ‍್ಯಾಕ್ ಅಂಡ್ ಪಿನಿಯನ್ ಕಿಟ್ ಮಾರುತ್ತಾರೆ (ಪಿನಿಯನ್ ಎಂಬ ಸಣ್ಣ ಹಲ್ಲುಗಾಲಿ ರ‍್ಯಾಕ್ ಎಂಬ ಹಲ್ಲಿನ ಸರಳನ್ನು ಎಡಬಲಕ್ಕೆ ಸರಿಸಿ ಚಕ್ರ ತಿರುಗಿಸುತ್ತದೆ). ಯೂನಿಸ್ಟಿಯರ್, ಫ್ಲೇಮಿಂಗ್ ರಿವರ್, ಟೋಟಲ್ ಕಂಟ್ರೋಲ್ ಪ್ರಾಡಕ್ಟ್ಸ್ ಹೀಗೆ ಹೆಸರುಗಳು ಹಲವು. ಆದರೆ ಮೊದಲ ದೂರಿಗೆ ಕಾರಣ ಹೆಚ್ಚಿನ ಕಾರುಗಳಲ್ಲಿ ಸವೆತ, ಎರಡನೆಯದಕ್ಕೆ ಕಾರಣ ಭಾರ. ರ‍್ಯಾಕ್ ಹಾಕಿದ ಮಾತ್ರಕ್ಕೆ ಭಾರ ಇಳಿಯುವುದಿಲ್ಲ. ನಮ್ಮ ಅಂಬಾಸಡರ್‌ಗೆ ಮೊದಲಿನಿಂದಲೂ ಇದ್ದದ್ದು ರ‍್ಯಾಕ್ ಅಂಡ್ ಪಿನಿಯನ್ನೇ. ಪವರ್ ಸ್ಟೀರಿಂಗ್ ಇಲ್ಲದ ಅಂಬಾಸಡರನ್ನು ಇಕ್ಕಟ್ಟಿನ ಗಲ್ಲಿಯಲ್ಲಿ ತಿರುಗಿಸಿದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ.

ಕಿಟ್ ಆರಿಸುವಾಗ ಬ್ರ್ಯಾಂಡ್‌ಗಿಂತ ಮುಖ್ಯವಾದ ಅಳತೆಗಳು ಎರಡು. ಟೈ ರಾಡಿನ (ಸ್ಟೀರಿಂಗಿನ ಎಳೆತವನ್ನು ಚಕ್ರಕ್ಕೆ ಮುಟ್ಟಿಸುವ ಸರಳು) ಒಳತುದಿ ಎಲ್ಲಿ ಕೂರುತ್ತದೆ? ರ‍್ಯಾಕ್ ಒಂದೊಂದು ಕಡೆಗೆ ಎಷ್ಟು ಸರಿಯುತ್ತದೆ? ಇವೆರಡನ್ನೂ ಮಿಲಿಮೀಟರಿನಲ್ಲಿ ಹೇಳಲಾರದ ಅಂಗಡಿಯಿಂದ ಕಿಟ್ ಕೊಳ್ಳಬೇಡಿ.

ಅದಕ್ಕೂ ಮುಂಚೆ ಈಗಿರುವುದನ್ನು ಪರೀಕ್ಷಿಸಿ. ಕಾರ್ಖಾನೆಯಿಂದ ಬಂದದ್ದು ರೀಸರ್ಕ್ಯುಲೇಟಿಂಗ್ ಬಾಲ್ ಬಾಕ್ಸ್, ಅಂದರೆ ಒಳಗೆ ಗುಂಡುಗಳು ಉರುಳುವ ಸ್ಟೀರಿಂಗ್ ಗೇರ್ ಪೆಟ್ಟಿಗೆ. ಪವರ್ ಸ್ಟೀರಿಂಗ್ ಇಲ್ಲದ ಸಾಮಾನ್ಯ (ಮ್ಯಾನುಯಲ್) ಕಾರಿನಲ್ಲಿ ಅದರ ರೇಷಿಯೋ ಸುಮಾರು 19:1 (ಬಾಕ್ಸಿನ ಹೊರಶಾಫ್ಟಿನ ಒಂದು ಸುತ್ತಿಗೆ ಸ್ಟೀರಿಂಗ್ 19 ಸುತ್ತು ಎಂಬ ಲೆಕ್ಕ), ಚುರುಕಿನದು ಬೇಕೆಂದವರಿಗೆ 16:1. ಬಾಕ್ಸಿನಿಂದ ಪಿಟ್‌ಮನ್ ಆರ್ಮ್, ಅಲ್ಲಿಂದ ಅಡ್ಡ ಸರಳಾದ ಸೆಂಟರ್ ಲಿಂಕ್, ಅದರ ಇನ್ನೊಂದು ಬದಿಗೆ ಆಧಾರವಾಗಿ ಐಡ್ಲರ್ ಆರ್ಮ್, ಸೆಂಟರ್ ಲಿಂಕಿನಿಂದ ಚಕ್ರಗಳಿಗೆ ಎರಡು ಟೈ ರಾಡ್. ಎಂಜಿನ್ ಆಫ್ ಮಾಡಿ, ಚಕ್ರಗಳು ನೆಲದ ಮೇಲೇ ಇರಲಿ. ಒಬ್ಬರು ಸ್ಟೀರಿಂಗನ್ನು ಗಡಿಯಾರದ ಹನ್ನೊಂದು ಮತ್ತು ಒಂದರ ನಡುವೆ ಮೆಲ್ಲಗೆ ಅಲ್ಲಾಡಿಸಲಿ, ಇನ್ನೊಬ್ಬರು ಕೆಳಗೆ ಮಲಗಿ ಒಂದೊಂದೇ ಕೀಲನ್ನು ಮುಟ್ಟಿ ನೋಡಲಿ. ಕೀಲಿನ ಒಂದು ಪಕ್ಕ ಅಲುಗಿ, ಇನ್ನೊಂದು ಪಕ್ಕ ಅಲುಗುವುದು ಕ್ಷಣ ತಡವಾದರೆ ಅದು ಬೆರಳಿಗೆ ಗೊತ್ತಾಗುತ್ತದೆ. ಪ್ಲೇ (ಸವೆದ ಕೀಲಿನ ಸಡಿಲ) ಅಲ್ಲೇ ಇದೆ. ಬಹಳ ಸಲ ಸಿಕ್ಕಿಬೀಳುವುದು ಐಡ್ಲರ್ ಆರ್ಮ್. ಅದರ ರಬ್ಬರ್ ಬುಷ್ ಸ್ಪ್ರಿಂಗಿನಂತೆ ತಿರುಚಿಕೊಳ್ಳುತ್ತದೆ. ಚಕ್ರ ನೇರ ಇಟ್ಟು ಅದರ ನಟ್ ಬಿಗಿಯದಿದ್ದರೆ ಹೊಸ ಬುಷ್ ಹಾಕಿದ ಮೇಲೂ ಕಾರು ಒಂದು ಪಕ್ಕಕ್ಕೆ ಎಳೆಯುತ್ತದೆ. ಇದರ ಬದಲು ಬೇರಿಂಗ್ ಇರುವ ಐಡ್ಲರ್ ಆರ್ಮ್ ಹಾಕಿದರೆ ಸ್ಟೀರಿಂಗ್ ಕೂಡ ಸ್ವಲ್ಪ ಹಗುರವಾಗುತ್ತದೆ. ಬಾಕ್ಸಿನ ಮೇಲಿನ, ಒಳಗಿನ ಹಲ್ಲುಗಳ ಸಡಿಲ ತಗ್ಗಿಸುವ ಸೆಕ್ಟರ್ ಸ್ಕ್ರೂವನ್ನು ಚಕ್ರ ನೇರವಿದ್ದಾಗ ಮಾತ್ರ ಹೊಂದಿಸಬೇಕು. ಪ್ಲೇ ಪೂರ್ತಿ ಹೋಗಲಿ ಎಂದು ಅತಿಯಾಗಿ ಬಿಗಿದರೆ, ತಿರುವು ಮುಗಿದ ಮೇಲೆ ಸ್ಟೀರಿಂಗ್ ತಾನಾಗಿ ನೇರಕ್ಕೆ ಮರಳುವುದಿಲ್ಲ. ಇಷ್ಟನ್ನು ಸರಿಮಾಡಿದರೆ ಎಷ್ಟೋ ಕಾರುಗಳಿಗೆ ರ‍್ಯಾಕ್ ಬೇಕೇ ಆಗುವುದಿಲ್ಲ.

ಬಾಕ್ಸ್ ಕೂರುವ ಜಾಗದಲ್ಲಿ ಫ್ರೇಮ್ ರೈಲ್ (ಬಾಡಿಯ ಅಡಿಯ ಉದ್ದ ತೊಲೆ) ಸೀಳಿದೆಯೇ ಎಂದೂ ನೋಡಿ. ಮಸ್ಟಾಂಗ್‌ಗೆ ಬೇರೆ ಚಾಸಿ ಇಲ್ಲ, ಬಾಡಿಯೇ ಚಾಸಿ. ತೆಳು ತಗಡಿನ ರೈಲಿನಲ್ಲಿ ಮೂರು ಬೋಲ್ಟಿನ ಸುತ್ತ ಕೂದಲೆಳೆಯ ಬಿರುಕು ಬಿಟ್ಟಿದ್ದರೆ ಮೊದಲು ವೆಲ್ಡಿಂಗ್ ಕೆಲಸ.

ಇನ್ನು ಕಿಟ್‌ಗಳ ಮಾತು. ಸ್ಥೂಲವಾಗಿ ಮೂರು ಜಾತಿ. ಒಂದನೆಯದರಲ್ಲಿ ಟೈ ರಾಡ್‌ಗಳು ರ‍್ಯಾಕಿನ ಎರಡು ತುದಿಗಳಿಂದ ಹೊರಡುತ್ತವೆ, ಇಂದಿನ ಸಣ್ಣ ಕಾರುಗಳಲ್ಲಿ ಇರುವಂತೆ. ಎರಡನೆಯದು ಸೆಂಟರ್ ಟೇಕ್‌ಆಫ್: ರ‍್ಯಾಕಿನ ನಡುಮಧ್ಯೆ ಒಂದು ಪಟ್ಟಿ, ಆ ಪಟ್ಟಿಗೆ ಎರಡೂ ಟೈ ರಾಡ್. ಮೂರನೆಯದರಲ್ಲಿ ಶಾಕ್ ಟವರುಗಳನ್ನೇ (ಎಂಜಿನ್ನಿನ ಎರಡೂ ಪಕ್ಕ ಸ್ಪ್ರಿಂಗ್ ಕೂರುವ ತಗಡಿನ ಗೂಡುಗಳು) ಕತ್ತರಿಸಿ ತೆಗೆದು, 1974–78ರ ಮಸ್ಟಾಂಗ್ ಟೂ ಕಾರಿನ ಮಾದರಿಯ ಮುಂಭಾಗದ ಸಸ್ಪೆನ್ಶನ್ನನ್ನು ಇಡಿಯಾಗಿ ಕೂರಿಸುತ್ತಾರೆ. ದೊಡ್ಡ ಎಂಜಿನ್ನಿಗೆ ಜಾಗ ಬೇಕಾದವರಿಗೆ ಅದು ಸರಿ. ಸ್ಟೀರಿಂಗ್ ಸುಧಾರಿಸಲೆಂದು ಮಾತ್ರ ಆ ದಾರಿ ಹಿಡಿಯುವುದು ತಪ್ಪು, ಒಮ್ಮೆ ಕತ್ತರಿಸಿದ ಟವರು ಮತ್ತೆ ಮೊದಲಿನಂತಾಗದು.

ಒಂದನೆಯ ಮತ್ತು ಎರಡನೆಯ ಜಾತಿಯ ನಡುವಿನ ವ್ಯತ್ಯಾಸ ಬಂಪ್ ಸ್ಟಿಯರ್‌ನಲ್ಲಿದೆ. ಚಕ್ರ ಹಳ್ಳಕ್ಕೆ ಇಳಿದು ಏರುವಾಗ ಚಕ್ರವನ್ನು ಹಿಡಿದ ಎರಡು ಸಸ್ಪೆನ್ಶನ್ ಆರ್ಮುಗಳಲ್ಲಿ ಕೆಳಗಿನದು ಒಂದು ಕಮಾನಿನಲ್ಲಿ ಚಲಿಸುತ್ತದೆ, ಟೈ ರಾಡ್ ತನ್ನದೇ ಇನ್ನೊಂದು ಕಮಾನಿನಲ್ಲಿ. ಎರಡೂ ಹೊಂದದಿದ್ದರೆ ನೀವು ಸ್ಟೀರಿಂಗ್ ಮುಟ್ಟದೆಯೇ ಚಕ್ರ ತಿರುಗುತ್ತದೆ. ಅಂದಾಜಿಗೆ ಒಂದು ದಾರ ಸಾಕು. ಕಾರಿನ ಮುಂದೆ ನಿಂತು ನೋಡಿದಂತೆ, ಮೇಲಿನ ಆರ್ಮಿನ ಒಳ ಕೀಲಿನಿಂದ ಕೆಳಗಿನ ಆರ್ಮಿನ ಒಳ ಕೀಲಿಗೆ ದಾರ ಎಳೆಯಿರಿ. ಟೈ ರಾಡಿನ ಒಳತುದಿ ಆ ದಾರದ ಗೆರೆಯ ಮೇಲೆ ಅಥವಾ ತೀರ ಹತ್ತಿರ ಬೀಳಬೇಕು. ಬೇರೆ ಕಾರಿಗೆಂದು ಮಾಡಿದ ರ‍್ಯಾಕನ್ನು ತುದಿಯ ಟೈ ರಾಡ್ ಸಮೇತ ಇಲ್ಲಿ ತಂದು ಕೂರಿಸಿದರೆ ಒಳತುದಿಗಳು ಬಹಳ ಹೊರಗೆ ಬೀಳುತ್ತವೆ, ಟೈ ರಾಡ್ ಗಿಡ್ಡವಾಗುತ್ತದೆ, ಅದರ ಕಮಾನು ಬಿಗಿಯಾಗುತ್ತದೆ. ಉಬ್ಬುತಗ್ಗಿನ ರಸ್ತೆಯಲ್ಲಿ ಕಾರು ಮೊದಲಿಗಿಂತ ಹೆಚ್ಚು ಅಲೆಯುತ್ತದೆ. ಕೆಲವರು ಅದನ್ನು ಅಲೈನ್‌ಮೆಂಟ್ ದೋಷವೆಂದು ತಿಳಿದು ಮತ್ತೆ ಮತ್ತೆ ಅಲೈನ್‌ಮೆಂಟ್ ಮಾಡಿಸುತ್ತಾರೆ. ಎಷ್ಟು ಸಲ ಮಾಡಿಸಿದರೂ ಅದು ಹೋಗುವುದಿಲ್ಲ, ಏಕೆಂದರೆ ಕೀಲಿನ ಜಾಗವೇ ತಪ್ಪು.

ಸೆಂಟರ್ ಟೇಕ್‌ಆಫ್ ಕಿಟ್ಟಿನಲ್ಲಿ ನಡುವಿನ ಪಟ್ಟಿಯನ್ನು ಅಗಲ ಮಾಡಿ, ಒಳತುದಿಗಳನ್ನು ಮೂಲ ಸೆಂಟರ್ ಲಿಂಕಿನಲ್ಲಿ ಇದ್ದಷ್ಟೇ ಅಂತರಕ್ಕೆ ತರಬಹುದು. ಆದ್ದರಿಂದ ನಮ್ಮ ಆಯ್ಕೆ ಇದೇ. ಹಾಗೆಂದು ಇದಕ್ಕೆ ದೌರ್ಬಲ್ಯ ಇಲ್ಲವೆಂದಲ್ಲ. ಟೈ ರಾಡಿನ ಎಳೆತ ರ‍್ಯಾಕಿನ ನಡುಗೆರೆಯಿಂದ ದೂರದಲ್ಲಿ ಬೀಳುವುದರಿಂದ ಪಟ್ಟಿ ರ‍್ಯಾಕನ್ನು ತಿರುಚಲು ನೋಡುತ್ತದೆ. ಪಟ್ಟಿ ತೆಳುವಾಗಿದ್ದರೆ, ಒಳಗಿನ ಬುಷ್ ಸವೆದರೆ, ನಡುವಿನ ಪ್ಲೇ ಹೊಸ ರೂಪದಲ್ಲಿ ವಾಪಸ್ ಬರುತ್ತದೆ. ಕಿಟ್ ಕೈಗೆ ಬಂದ ಕೂಡಲೆ ರ‍್ಯಾಕನ್ನು ವೈಸಿನಲ್ಲಿ ಹಿಡಿದು, ಪಟ್ಟಿಯ ತುದಿಯನ್ನು ಮೇಲೆ ಕೆಳಗೆ ಬಲವಾಗಿ ಅಲ್ಲಾಡಿಸಿ. ಕಟಕಟ ಎಂದರೆ ಬೋಲ್ಟ್ ಹಾಕುವ ಮುಂಚೆಯೇ ಹಿಂದಿರುಗಿಸಿ. ಬುಷ್ ಮತ್ತು ಸೀಲ್ ಬಿಡಿಯಾಗಿ ಸಿಗುತ್ತವೆಯೇ ಎಂದು ಕೊಳ್ಳುವಾಗಲೇ ಕೇಳಿಕೊಳ್ಳಿ.

ಎರಡನೆಯ ಅಳತೆ ಸರಿತದ್ದು, ಇದನ್ನು ಜಾಹೀರಾತುಗಳು ಹೇಳುವುದೇ ಕಮ್ಮಿ. ಮಸ್ಟಾಂಗಿನ ವೀಲ್‌ಬೇಸ್ (ಮುಂದಿನ ಮತ್ತು ಹಿಂದಿನ ಚಕ್ರಗಳ ನಡುವಿನ ದೂರ) 108 ಇಂಚು, ಅಂದರೆ 2743 ಮಿ.ಮೀ. ಚಕ್ರದ ಸ್ಟೀರಿಂಗ್ ಆರ್ಮ್ 140 ಮಿ.ಮೀ. ಎಂದು ಲೆಕ್ಕಕ್ಕೆ ಇಟ್ಟುಕೊಳ್ಳಿ (ನಿಮ್ಮ ಕಾರಿನದನ್ನು ನೀವೇ ಅಳೆಯಿರಿ). ರ‍್ಯಾಕ್ ಒಂದು ಕಡೆಗೆ 75 ಮಿ.ಮೀ. ಸರಿದರೆ ಚಕ್ರ ಸುಮಾರು 32 ಡಿಗ್ರಿ ತಿರುಗುತ್ತದೆ, ತಿರುವಿನ ತ್ರಿಜ್ಯ ಸುಮಾರು 5.1 ಮೀಟರ್. ಅದೇ ರ‍್ಯಾಕ್ 62 ಮಿ.ಮೀ. ಮಾತ್ರ ಸರಿದರೆ 26 ಡಿಗ್ರಿ, ತ್ರಿಜ್ಯ 6.2 ಮೀಟರ್. ಬರೀ 13 ಮಿಲಿಮೀಟರಿಗೆ ಯೂ-ಟರ್ನಿನ ಅಗಲ ಎರಡು ಮೀಟರಿನಷ್ಟು ಹೆಚ್ಚಾಯಿತು. ಒಂದೇ ಸಲಕ್ಕೆ ತಿರುಗುತ್ತಿದ್ದ ರಸ್ತೆಯಲ್ಲಿ ರಿವರ್ಸ್ ಹಾಕಬೇಕಾಗುತ್ತದೆ. ಈಗಿನ ಕಾರಿನಲ್ಲಿ ಸೆಂಟರ್ ಲಿಂಕ್ ಒಂದು ಲಾಕಿನಿಂದ (ಸ್ಟೀರಿಂಗ್ ತಿರುಗುವ ಕೊನೆ) ಇನ್ನೊಂದಕ್ಕೆ ಎಷ್ಟು ಸರಿಯುತ್ತದೆ ಎಂದು ಚಾಕ್‌ಪೀಸಿನಿಂದ ಗುರುತು ಹಾಕಿ ಅಳೆದುಕೊಳ್ಳಿ. ಕಿಟ್ಟಿನ ಸರಿತ ಅದಕ್ಕಿಂತ ತೀರ ಕಮ್ಮಿ ಇದ್ದರೆ ಬಿಟ್ಟುಬಿಡಿ.

ಮ್ಯಾನುಯಲ್ ರ‍್ಯಾಕೋ ಪವರ್ ರ‍್ಯಾಕೋ? ಲಾಕಿನಿಂದ ಲಾಕಿಗೆ ಸುತ್ತುಗಳು ಕಡಿಮೆಯಾದಷ್ಟೂ ಮ್ಯಾನುಯಲ್ ರ‍್ಯಾಕ್ ಭಾರವಾಗುತ್ತದೆ. ವಿ8 ಎಂಜಿನ್, ಅಗಲ ಟೈರ್, ಹೆಚ್ಚು ಕ್ಯಾಸ್ಟರ್ (ಚಕ್ರ ತಿರುಗುವ ಅಕ್ಷದ ಹಿಂಬಾಗು) ಮೂರೂ ಸೇರಿದರೆ ಮ್ಯಾನುಯಲ್ ಬೇಡ. ಪವರ್ ರ‍್ಯಾಕ್ ಆದರೆ ಪಂಪಿನ ಒತ್ತಡ ರ‍್ಯಾಕಿಗೆ ಹೊಂದಬೇಕು. ಜನರಲ್ ಮೋಟಾರ್ಸ್ ಮೂಲದ ಸ್ಯಾಗಿನಾ ಪಂಪುಗಳು ಮಸ್ಟಾಂಗ್ ಟೂ ಜಾತಿಯ ರ‍್ಯಾಕಿಗೆ ಬೇಕಾದದ್ದಕ್ಕಿಂತ ಹೆಚ್ಚು ಒತ್ತಡ ಕೊಡುತ್ತವೆ. ಆಗ ಹೆದ್ದಾರಿಯಲ್ಲಿ ಬೆರಳು ತಾಗಿದರೂ ಕಾರು ಲೇನ್ ಬಿಡುತ್ತದೆ. ಪಂಪಿನ ಒತ್ತಡದ ವಾಲ್ವಿಗೆ ಶಿಮ್ (ತೆಳು ಬಿಲ್ಲೆ) ಹಾಕಿಯೋ ನಡುವೆ ಹರಿವು ತಗ್ಗಿಸುವ ವಾಲ್ವ್ ಕೂರಿಸಿಯೋ ಸರಿಪಡಿಸಬಹುದು. ಹಳೆ ಪಂಪಿನ ಕೊಳವೆ ಫ್ಲೇರ್ ತುದಿಯದು, ಹೊಸ ರ‍್ಯಾಕಿನದು ಓ-ರಿಂಗ್ ತುದಿಯದು ಆಗಿರುವುದುಂಟು. ಎರಡನ್ನೂ ಟೆಫ್ಲಾನ್ ಟೇಪು ಸುತ್ತಿ ಜೋಡಿಸಿದರೆ ಸೋರುತ್ತದೆ, ಸರಿಯಾದ ಅಡಾಪ್ಟರ್ ತರಿಸಿ. ಭಾರ ಇಳಿಯುವುದೊಂದೇ ಉದ್ದೇಶವಾದರೆ ಬೋರ್ಗೆಸನ್ ಮಾರುವ, ಪವರ್ ಒಳಗೇ ಇರುವ ಸ್ಟೀರಿಂಗ್ ಬಾಕ್ಸ್ ಉತ್ತಮ. ಲಿಂಕೇಜ್ ಬಹುಪಾಲು ಹಾಗೇ ಉಳಿಯುವುದರಿಂದ ಬಂಪ್ ಸ್ಟಿಯರ್ ತಲೆನೋವಿಲ್ಲ, ಫೋರ್ಡ್ ಹಾಕಿದ್ದ ಸೋರುವ ಹೈಡ್ರಾಲಿಕ್ ರ‍್ಯಾಮ್ ಮತ್ತು ಕಂಟ್ರೋಲ್ ವಾಲ್ವಿನಿಂದಲೂ ಬಿಡುಗಡೆ.

ಜಾಗದ ಪ್ರಶ್ನೆ ವರ್ಷದಿಂದ ವರ್ಷಕ್ಕೆ ಬೇರೆ. 1965–66ರ ಕಾರಿನಲ್ಲಿ ಸ್ಟೀರಿಂಗ್ ಚಕ್ರದಿಂದ ಬಾಕ್ಸಿನವರೆಗೆ ಒಂದೇ ಉದ್ದನೆಯ ಶಾಫ್ಟ್. ರ‍್ಯಾಕ್ ಹಾಕಲು ಅದನ್ನು ಕತ್ತರಿಸಿ ಕಾಲಮ್ಮಿನ ಕೆಳಗೆ ಬೇರಿಂಗ್ ಕೂರಿಸಬೇಕು, ಇಲ್ಲವೇ ಹೊಸ ಕಾಲಮ್ ಕೊಳ್ಳಬೇಕು. ಡಿಕ್ಕಿಯಾದಾಗ ಈಟಿಯಂತೆ ಎದೆಗೆ ನುಗ್ಗುವ ಆ ಶಾಫ್ಟ್ ಹೋಗಿ ಕೀಲುಗಳಿರುವುದು ಬರುತ್ತದಲ್ಲ, ಈ ಬದಲಾವಣೆಯಲ್ಲಿ ನಮಗೆ ಎಲ್ಲಕ್ಕಿಂತ ಸಮಾಧಾನ ಕೊಡುವ ಲಾಭ ಅದು. ಲಾಂಗ್ ಟ್ಯೂಬ್ ಹೆಡರ್ (ಎಂಜಿನ್ನಿನ ಉದ್ದನೆಯ ಹೊಗೆ ಕೊಳವೆಗಳು) ಇದ್ದರೆ ಶಾಫ್ಟ್ ಅದಕ್ಕೆ ತಾಗುತ್ತದೆಯೇ, ಮ್ಯಾನುಯಲ್ ಗೇರಿನ ಕಾರಾದರೆ ಕ್ಲಚ್ಚಿನ ಝಡ್-ಬಾರಿಗೆ (ಪೆಡಲಿನ ಒತ್ತನ್ನು ಕ್ಲಚ್ಚಿಗೆ ಮುಟ್ಟಿಸುವ ಸರಳು) ಜಾಗ ಉಳಿಯುತ್ತದೆಯೇ ಎಂದು ಬರಹದಲ್ಲೇ ಕೇಳಿ ಪಡೆಯಿರಿ. ಉಳಿಯದಿದ್ದರೆ ಹೈಡ್ರಾಲಿಕ್ ಅಥವಾ ಕೇಬಲ್ ಕ್ಲಚ್ಚಿನ ಖರ್ಚೂ ಸೇರುತ್ತದೆ. ಮೇಲಿನ ಆರ್ಮನ್ನು ಶೆಲ್ಬಿ (ಮಸ್ಟಾಂಗಿನ ರೇಸ್ ರೂಪ) ಕಾರುಗಳಂತೆ ಒಂದು ಇಂಚು ಕೆಳಗಿಳಿಸಿದ್ದರೆ ಅದನ್ನೂ ಮಾರುವವರಿಗೆ ತಿಳಿಸಿ, ದಾರದ ಗೆರೆ ಆಗಲೇ ಜಾಗ ಬದಲಿಸಿರುತ್ತದೆ.

ಯೂನಿವರ್ಸಲ್ ಜಾಯಿಂಟ್ (ಶಾಫ್ಟ್ ಕೋನದಲ್ಲಿ ಬಾಗಿದರೂ ತಿರುಗಿಸುವ ಕೀಲು) ಜೋಡಿಸುವಾಗ ಆಗುವ ಒಂದು ತಪ್ಪು ಇಡೀ ಕೆಲಸವನ್ನೇ ಕೆಡಿಸುತ್ತದೆ. 30 ಡಿಗ್ರಿ ಬಾಗಿದ ಒಂದು ಜಾಯಿಂಟ್ ಸುತ್ತಿನ ಒಂದು ಕಡೆ 87 ಶೇಕಡಾ ವೇಗದಲ್ಲಿ, ಇನ್ನೊಂದು ಕಡೆ 115 ಶೇಕಡಾ ವೇಗದಲ್ಲಿ ತಿರುಗಿಸುತ್ತದೆ. ಎರಡು ಜಾಯಿಂಟುಗಳ ಕೋನ ಸಮವಾಗಿದ್ದು, ನಡುವಿನ ಶಾಫ್ಟಿನ ಎರಡೂ ತುದಿಯ ಕವಲುಗಳು ಒಂದೇ ಸಾಲಿನಲ್ಲಿದ್ದರೆ ಇದು ರದ್ದಾಗುತ್ತದೆ. ಕವಲುಗಳನ್ನು 90 ಡಿಗ್ರಿ ತಿರುಚಿ ಕೂರಿಸಿದರೆ ಎರಡರ ಏರುಪೇರೂ ಒಟ್ಟಾಗಿ 75ರಿಂದ 133 ಶೇಕಡಾಕ್ಕೆ ಹೋಗುತ್ತದೆ, ಒಂದೊಂದು ಸುತ್ತಿಗೂ ಎರಡು ಸಲ ಸ್ಟೀರಿಂಗ್ ಬಿಗಿಯಾಗಿ ಎರಡು ಸಲ ಸಡಿಲವಾದಂತೆ ಅನಿಸುತ್ತದೆ. ಮೂರು ಜಾಯಿಂಟ್ ಬೇಕಾದರೆ ನಡುವೆ ಶಾಫ್ಟಿಗೆ ಆಧಾರದ ಬೇರಿಂಗ್ ಕಡ್ಡಾಯ. ಸೆಟ್ ಸ್ಕ್ರೂ ಕೂರುವಲ್ಲಿ ಶಾಫ್ಟಿನಲ್ಲಿ ಡ್ರಿಲ್ಲಿನಿಂದ ಸಣ್ಣ ಗುಳಿ ಮಾಡಿ, ಲಾಕ್‌ಟೈಟ್ ಎಂಬ ಥ್ರೆಡ್ ಅಂಟು ಹಚ್ಚಿ ಬಿಗಿದು, ಮೇಲೆ ಲಾಕ್ ನಟ್ ಹಾಕಿ.

ರ‍್ಯಾಕನ್ನು ನಡುವಿಗೆ ತರಲು ಲಾಕಿನಿಂದ ಲಾಕಿಗೆ ಸುತ್ತು ಎಣಿಸಿ ಅರ್ಧ ಮಾಡಿ, ಆಮೇಲೆ ಸ್ಟೀರಿಂಗ್ ಚಕ್ರ ನೇರ ಕೂರಿಸಿ. ಟೈ ರಾಡಿನ ಥ್ರೆಡ್ ಕನಿಷ್ಠ ಮುಕ್ಕಾಲು ಇಂಚು ಒಳಗಿರಬೇಕು. ಕ್ಯಾಸಲ್ ನಟ್ಟಿನ (ಮೇಲೆ ಸೀಳುಗಳಿರುವ ನಟ್) ಸೀಳಿಗೆ ಪಿನ್ ಹೊಂದದಿದ್ದರೆ ಇನ್ನಷ್ಟು ಬಿಗಿದು ಹೊಂದಿಸಿ, ಹಿಂದಕ್ಕೆ ಸಡಿಲಿಸಬೇಡಿ.

ಬೆಂಗಳೂರು, ಮೈಸೂರಿನಲ್ಲಿ ಇಂಥ ಕಾರು ಇಟ್ಟವರು ಇನ್ನೆರಡು ವಿಷಯ ಗಮನಿಸಬೇಕು. ಅಮೆರಿಕದ ಕಿಟ್‌ಗಳು ಎಡಗಡೆ ಸ್ಟೀರಿಂಗಿಗೆ ಮಾಡಿದವು. ಬಲಕ್ಕೆ ಬದಲಿಸಿದ ಕಾರಿಗೆ ಹೊಂದುವುದಿಲ್ಲ. ಜೊತೆಗೆ ಮೋಟಾರು ವಾಹನ ಕಾಯ್ದೆಯ 52ನೇ ಕಲಮು ತಯಾರಕರ ಮೂಲ ವಿವರಕ್ಕೆ ವಿರುದ್ಧವಾದ ಮಾರ್ಪಾಡನ್ನು ತಡೆಯುತ್ತದೆ. 50 ವರ್ಷ ದಾಟಿದ ಕಾರುಗಳಿಗೆ 2021ರಲ್ಲಿ ಬಂದ ವಿಂಟೇಜ್ ನೋಂದಣಿ ನಿಯಮವೂ ಕಾರು ಮೂಲ ರೂಪದಲ್ಲಿರಬೇಕೆನ್ನುತ್ತದೆ. ಕೆಲಸ ಹಿಡಿಯುವ ಮುಂಚೆ ಆರ್‌ಟಿಒದಲ್ಲಿ ವಿಚಾರಿಸಿ. ತಗಡು ಕತ್ತರಿಸದೆ ಬೋಲ್ಟಿನಿಂದಲೇ ಕೂರುವ ಕಿಟ್ ಮಾತ್ರ ನೋಡಿ, ಬಿಚ್ಚಿದ ಮೂಲ ಭಾಗಗಳನ್ನು ಎಣ್ಣೆ ಹಚ್ಚಿ ಎತ್ತಿಡಿ.

ಜೋಡಣೆ ಮುಗಿದ ಮೇಲೆ, ರಸ್ತೆಗಿಳಿಯುವ ಮುಂಚೆ ಬಂಪ್ ಸ್ಟಿಯರ್ ಅಳೆಯಿರಿ. ಮುಂದಿನ ಸ್ಪ್ರಿಂಗ್ ತೆಗೆಯಬೇಕು. ಮಸ್ಟಾಂಗಿನ ಸ್ಪ್ರಿಂಗ್ ಮೇಲಿನ ಆರ್ಮಿನ ಮೇಲೆ ಕೂರುತ್ತದೆ, ಅದಕ್ಕೆಂದೇ ಇರುವ ಒಳ ಕಂಪ್ರೆಸರ್ (ಸ್ಪ್ರಿಂಗನ್ನು ಅದುಮಿ ಹಿಡಿಯುವ ಸಲಕರಣೆ) ಇಲ್ಲದೆ ಕೈ ಹಾಕಬೇಡಿ, ಚಿಮ್ಮಿದರೆ ಜೀವಕ್ಕೇ ಅಪಾಯ. ಹಬ್ಬಿಗೆ 600 ಮಿ.ಮೀ. ಉದ್ದದ ನೇರ ಹಲಗೆ ಕಟ್ಟಿ, ಕೆಳಗಿನ ಆರ್ಮನ್ನು ಜಾಕಿನಿಂದ ನಿಂತ ಎತ್ತರದಿಂದ 50 ಮಿ.ಮೀ. ಮೇಲಕ್ಕೂ 50 ಮಿ.ಮೀ. ಕೆಳಕ್ಕೂ ಹಂತಹಂತವಾಗಿ ಸರಿಸುತ್ತ ಪಕ್ಕದ ಒಂದು ಅಲುಗದ ಗುರುತಿನಿಂದ ಹಲಗೆಯ ಎರಡೂ ತುದಿಯ ದೂರ ಬರೆದುಕೊಳ್ಳಿ. ಎರಡರ ವ್ಯತ್ಯಾಸ 1.5 ಮಿಲಿಮೀಟರಿನೊಳಗೆ ಬದಲಾದರೆ ಒಳ್ಳೆಯ ಕಿಟ್. ಅದಕ್ಕಿಂತ ಹೆಚ್ಚಾದರೆ ಹೊರ ತುದಿಯ ಎತ್ತರವನ್ನು ಶಿಮ್ಮಿನಿಂದ ಬದಲಿಸಿ ಮತ್ತೆ ಅಳೆಯಿರಿ. ಆಮೇಲೆ ಅಲೈನ್‌ಮೆಂಟ್: ರೇಡಿಯಲ್ ಟೈರು ಮತ್ತು ಪವರ್ ರ‍್ಯಾಕಿಗೆ ಕ್ಯಾಸ್ಟರ್ 3 ಡಿಗ್ರಿ ಹತ್ತಿರ, ಟೋ-ಇನ್ (ಮುಂಚಕ್ರಗಳು ಮುಂದೆ ಒಳಕ್ಕೆ ಬಾಗಿದ ಅಳತೆ) 1/8 ಇಂಚು. ಮೊದಲ ನೂರು ಕಿಲೋಮೀಟರ್ ಆದ ಮೇಲೆ ಕ್ರಾಸ್‌ಮೆಂಬರಿನ ಬೋಲ್ಟು, ಪಟ್ಟಿಯ ಬೋಲ್ಟು, ಸೆಟ್ ಸ್ಕ್ರೂ ಎಲ್ಲಕ್ಕೂ ಇನ್ನೊಮ್ಮೆ ಟಾರ್ಕ್ ರೆಂಚ್ ಹಾಕಿ, ಬಣ್ಣದ ಪೆನ್ನಿನಿಂದ ನಟ್ಟಿಗೂ ಬ್ರಾಕೆಟ್ಟಿಗೂ ಸೇರಿಸಿ ಒಂದು ಗೆರೆ ಎಳೆದಿಡಿ. ಮುಂದೆ ಆ ಗೆರೆ ಮುರಿದಿದ್ದರೆ ನಟ್ ಸಡಿಲಾಗಿದೆ ಎಂದು ಕೆಳಗೆ ಬಗ್ಗಿ ನೋಡಿದಾಗಲೇ ಗೊತ್ತಾಗುತ್ತದೆ.