ಮೂರು ನಾಬ್‌ಗಳ ಮರುಜೋಡಣೆ: ನನ್ನ ಎಲೆಕ್ಟ್ರಿಕ್ ಗಿಟಾರಿಗೆ ಮಾಡಿಸಿದ ಮಾರ್ಪಾಡುಗಳು

ನನ್ನದು ಸ್ಟ್ರಾಟೊಕಾಸ್ಟರ್ ಮಾದರಿಯ ಗಿಟಾರ್. ತಂತಿಯ ಕಂಪನವನ್ನು ವಿದ್ಯುತ್ ಸಂಕೇತವಾಗಿಸುವ ಮೂರು ಪಿಕಪ್‌ಗಳು, ಒಂದು ವಾಲ್ಯೂಮ್ ನಾಬ್, ದನಿಯ ಹರಿತವನ್ನು ತಗ್ಗಿಸುವ ಎರಡು ಟೋನ್ ನಾಬ್‌ಗಳು, ಪಿಕಪ್‌ಗಳನ್ನು ಆರಿಸುವ ಐದು ಸ್ಥಾನಗಳ ಒಂದು ಸ್ವಿಚ್ಚು. 1954ರಲ್ಲಿ ಫೆಂಡರ್ ಕಂಪನಿ ಈ ವಾದ್ಯವನ್ನು ಮಾರುಕಟ್ಟೆಗೆ ತಂದಾಗ ಸ್ವಿಚ್ಚಿಗೆ ಇದ್ದದ್ದು ಮೂರೇ ಸ್ಥಾನಗಳು. ವಾದಕರು ಅದರ ಕಡ್ಡಿಯನ್ನು ಉಪಾಯದಿಂದ ಎರಡು ಸ್ಥಾನಗಳ ನಡುವೆ ನಿಲ್ಲಿಸಿ ಎರಡು ಪಿಕಪ್‌ಗಳ ಬೆರಕೆಯ ದನಿಯನ್ನು ಪಡೆಯುತ್ತಿದ್ದರು. 1977ರಲ್ಲಿ ಕಂಪನಿಯೇ ಐದು ಸ್ಥಾನಗಳ ಸ್ವಿಚ್ಚನ್ನು ಅಳವಡಿಸತೊಡಗಿತು. ಮೂಲ ವಿನ್ಯಾಸದ ಟೋನ್ ಹಂಚಿಕೆ ಮಾತ್ರ ನನಗೆ ಇಂದಿಗೂ ವಿಚಿತ್ರವಾಗಿ ಕಾಣುತ್ತದೆ: ಒಂದು ಟೋನ್ ಗಿಟಾರಿನ ಕತ್ತಿನ ಬದಿಯ ನೆಕ್ ಪಿಕಪ್ಪಿಗೆ, ಇನ್ನೊಂದು ನಡುವಿನದಕ್ಕೆ, ತಂತಿಗಳ ಬುಡದ ಬಳಿಯಿರುವ, ಮೂರರಲ್ಲಿ ಅತ್ಯಂತ ಕೀರಲಾದ ಬ್ರಿಜ್ ಪಿಕಪ್ಪಿಗೆ ಯಾವುದೂ ಇಲ್ಲ.

ನಾನು ವಾರಾಂತ್ಯದ ಆರ್ಕೆಸ್ಟ್ರಾದಲ್ಲಿ ನುಡಿಸುವವನು. ಗಣೇಶೋತ್ಸವ, ರಾಜ್ಯೋತ್ಸವಗಳ ವೇದಿಕೆಯಲ್ಲಿ ಭಾವಗೀತೆಗೆ ಮೆಲುವಾದ ಕಾರ್ಡ್‌ಗಳನ್ನು ಹಿಡಿದ ಕೈಯೇ ಮರುಗಳಿಗೆಯಲ್ಲಿ ಚಿತ್ರಗೀತೆಯೊಂದರ ಅಬ್ಬರದ ಸೋಲೋಗೆ ಸಿದ್ಧವಾಗಿರಬೇಕಾಗುತ್ತದೆ. ಕಾಲಡಿಯ ಪೆಡಲ್‌ಗಳು ಇದ್ದೇ ಇವೆ. ಆದರೆ ಗಾಯಕರು ಪಲ್ಲವಿಯನ್ನು ಎತ್ತಿಕೊಳ್ಳುವ ಎರಡು ಮಾತ್ರೆಗಳ ಬಿಡುವಿನಲ್ಲಿ ಕಾಲಿಗಿಂತ ಕಿರುಬೆರಳೇ ಬೇಗ ತಲುಪುತ್ತದೆ. ಆದ್ದರಿಂದ ಗಿಟಾರನ್ನು ಬದಲಿಸುವ ಬದಲು ಅದರ ನಿಯಂತ್ರಣಗಳನ್ನೇ ನನ್ನ ಕೈಗೆ ಒಗ್ಗಿಸಿಕೊಳ್ಳೋಣವೆಂದು ಬೆಂಗಳೂರಿನ ಒಂದು ಸಣ್ಣ ದುರಸ್ತಿ ಅಂಗಡಿಗೆ ಕೊಟ್ಟೆ. ಕೆಪಾಸಿಟರ್ ಮತ್ತು ರೆಸಿಸ್ಟರ್‌ಗಳನ್ನು ಎಲೆಕ್ಟ್ರಾನಿಕ್ ಬಿಡಿಭಾಗಗಳ ಮಾರುಕಟ್ಟೆಯಾದ ಎಸ್.ಪಿ. ರಸ್ತೆಯಿಂದ ನಾನೇ ತಂದುಕೊಟ್ಟಿದ್ದೆ. ಅವುಗಳ ಬೆಲೆ ಒಂದು ಸೆಟ್ ಗಿಟಾರ್ ತಂತಿಯ ಬೆಲೆಯ ಹತ್ತಿರಕ್ಕೂ ಬರುವುದಿಲ್ಲ.

ಮೊದಲು ವಾಲ್ಯೂಮಿನ ವಿಷಯ. ನಾಬನ್ನು 10ರಿಂದ 6ಕ್ಕೆ ಇಳಿಸಿದರೆ ಸದ್ದು ತಗ್ಗುವುದಷ್ಟೇ ಅಲ್ಲ, ದನಿಗೆ ಕಂಬಳಿ ಹೊದಿಸಿದಂತೆ ಮಂಕು ಕವಿಯುತ್ತದೆ. ಪಾಟ್‌ನ, ಅಂದರೆ ನಾಬ್‌ನ ಕೆಳಗೆ ತಿರುಗುವ ಪ್ರತಿರೋಧಕದ, ಪ್ರತಿರೋಧವೂ ಕೇಬಲ್‌ನ ಕೆಪಾಸಿಟನ್ಸೂ (ವಿದ್ಯುದಂಶವನ್ನು ಹಿಡಿದಿಡುವ ಗುಣ) ಸೇರಿ ಮೇಲಿನ ಕಂಪನಾಂಕಗಳನ್ನು ಸೋಸಿಬಿಡುವುದೇ ಇದಕ್ಕೆ ಕಾರಣ. ಸಾಮಾನ್ಯ ಕೇಬಲ್‌ಗೆ ಮೀಟರಿಗೆ ಸುಮಾರು 100 ಪಿಕೊಫ್ಯಾರಡ್‌ನಂತೆ ಲೆಕ್ಕ ಹಾಕಿದರೆ, ವೇದಿಕೆಯಲ್ಲಿ ಆರು ಮೀಟರ್ ಎಳೆದಾಗ ಆಗುವ ನಷ್ಟ ಕಿವಿಗೆ ಚೆನ್ನಾಗಿಯೇ ತಿಳಿಯುತ್ತದೆ. ಇದಕ್ಕೆ ಮದ್ದು ಟ್ರೆಬಲ್ ಬ್ಲೀಡ್. ವಾಲ್ಯೂಮ್ ಪಾಟ್‌ನ ಒಳಬರುವ ಕಾಲಿನಿಂದ ನಡುವಿನ ಕಾಲಿಗೆ ಒಂದು ಸಣ್ಣ ಕೆಪಾಸಿಟರನ್ನು ಬೆಸೆದರೆ ಮೇಲಿನ ಕಂಪನಾಂಕಗಳಿಗೆ ಒಂದು ಅಡ್ಡದಾರಿ ಸಿಗುತ್ತದೆ. ಅಂಗಡಿಯವರು ಮೊದಲು 0.001 ಮೈಕ್ರೊಫ್ಯಾರಡ್‌ನ ಕೆಪಾಸಿಟರನ್ನಷ್ಟೇ ಹಾಕಿಕೊಟ್ಟರು. ವಾಲ್ಯೂಮ್ 3ಕ್ಕೆ ಇಳಿದಾಗ ಹಳೆಯ ಟ್ರಾನ್ಸಿಸ್ಟರ್ ರೇಡಿಯೊದಂತೆ ಬರೀ ಚಿಲಿಪಿಲಿ ಉಳಿಯಿತು. ಅದಕ್ಕೆ ಸಮಾಂತರವಾಗಿ 150 ಕಿಲೋಓಮ್ ರೆಸಿಸ್ಟರ್ ಸೇರಿಸಿದ ಮೇಲೆ ದನಿ ಹದಕ್ಕೆ ಬಂತು. ಆದರೆ ಇದರಿಂದ ನಾಬ್‌ನ ತಿರುವಿನ ನಡೆ ಸ್ವಲ್ಪ ಬದಲಾಗುತ್ತದೆ, ಸದ್ದು ಮೊದಲಿಗಿಂತ ನಿಧಾನವಾಗಿ ಇಳಿಯುತ್ತದೆ. ಬೆರಳಿಗೆ ಅದು ರೂಢಿಯಾಗಲು ನನಗೆ ಎರಡು ಕಾರ್ಯಕ್ರಮಗಳು ಬೇಕಾದವು.

ವಾಲ್ಯೂಮ್ ನಾಬ್ ತಂತಿಗಳಿಗೆ ತೀರಾ ಹತ್ತಿರವಿದ್ದು, ರಭಸದಿಂದ ಸ್ಟ್ರಮ್ ಮಾಡುವವರ ಕೈ ಅದಕ್ಕೆ ಬಡಿಯುತ್ತದೆಂಬ ದೂರು ಈ ಮಾದರಿಯಷ್ಟೇ ಹಳೆಯದು. ಅಂಥವರು ವಾಲ್ಯೂಮನ್ನು ನಡುವಿನ ರಂಧ್ರಕ್ಕೆ ಸ್ಥಳಾಂತರಿಸಿಕೊಳ್ಳಬಹುದು. ನಾನು ಹಾಗೆ ಮಾಡಿಸಲಿಲ್ಲ. ತಂತಿಯನ್ನು ಮೀಟುವಾಗ ವಾಲ್ಯೂಮನ್ನು ಸೊನ್ನೆಯಲ್ಲಿಟ್ಟು, ಮೀಟಿದ ಕೂಡಲೇ ಕಿರುಬೆರಳಿನಿಂದ ಮೇಲೇರಿಸಿದರೆ ಮೀಟಿನ ಪೆಟ್ಟು ಮರೆಯಾಗಿ, ಕಮಾನು ಎಳೆದಂತೆ ಸ್ವರ ಅರಳುತ್ತದೆ. ಆಲಾಪದಂತಹ ಪೀಠಿಕೆಗಳಿಗೆ ನನ್ನ ಬಳಿ ಇದಕ್ಕಿಂತ ಒಳ್ಳೆಯ ಉಪಾಯವಿಲ್ಲ, ಮತ್ತು ನಾಬ್ ಒಂದಂಗುಲ ದೂರವಾದರೂ ಇದು ಸಾಧ್ಯವಾಗುವುದಿಲ್ಲ.

ಟೋನ್ ವಿಷಯದಲ್ಲಿ ನಾನು ಮಾಡಿಸಿದ್ದು ಬಹಳ ಸರಳ: ನಡುವಿನ ಪಿಕಪ್ಪಿನ ಟೋನನ್ನು ಬಿಡಿಸಿ ಬ್ರಿಜ್‌ಗೆ ಕೊಡಿಸಿದೆ, ಕೆಪಾಸಿಟರನ್ನು 0.047ರಿಂದ 0.022 ಮೈಕ್ರೊಫ್ಯಾರಡ್‌ಗೆ ಇಳಿಸಿದೆ. ಒಂದೇ ತಂತಿಯನ್ನು ಸ್ವಿಚ್ಚಿನ ಒಂದು ಕಾಲಿನಿಂದ ಇನ್ನೊಂದಕ್ಕೆ ಬೆಸೆಯುವ ಹತ್ತು ನಿಮಿಷದ ಈ ಕೆಲಸ, ನನ್ನ ಅಭಿಪ್ರಾಯದಲ್ಲಿ, ಉಳಿದೆಲ್ಲಕ್ಕಿಂತ ಹೆಚ್ಚು ಫಲ ಕೊಟ್ಟಿತು. ಬ್ರಿಜ್ ಟೋನನ್ನು 7ರಲ್ಲಿಟ್ಟರೆ ಡಿಸ್ಟಾರ್ಷನ್ ಹಾಕಿದಾಗಲೂ ದನಿ ಕಿವಿಯನ್ನು ಚುಚ್ಚುವುದಿಲ್ಲ. ಟೋನ್ ಪಾಟ್ ಪೂರ್ತಿ ತೆರೆದಿದ್ದರೂ ಪಿಕಪ್ಪಿನ ಮೇಲೆ ತುಸು ಹೊರೆ ಬೀಳುವುದರಿಂದ ಮೊದಲಿನ ಆ ಹರಿತವೂ ಸ್ವಲ್ಪ ಮೊಂಡಾಗಿದೆ. ನಾನು ಅದನ್ನು ನಷ್ಟವೆಂದು ಎಣಿಸುವುದಿಲ್ಲ.

ಮೂರನೆಯ ಮಾರ್ಪಾಡು ನಿರಾಸೆ ತಂದಿತು. ಕೆಳಗಿನ ಟೋನ್ ನಾಬನ್ನು ಮೇಲಕ್ಕೆ ಎಳೆದರೆ ನೆಕ್ ಪಿಕಪ್ ಯಾವ ಸ್ಥಾನದಲ್ಲಾದರೂ ಜೊತೆಗೂಡುವಂತೆ ಎಳೆದು-ಒತ್ತುವ ಸ್ವಿಚ್ಚೂ ಇರುವ ಪುಶ್-ಪುಲ್ ಪಾಟ್ ಹಾಕಿಸಿದೆ. ಇದರಿಂದ ಐದರ ಜೊತೆಗೆ ಎರಡು ಹೊಸ ದನಿಗಳು ಸಿಗುತ್ತವೆ: ನೆಕ್ ಮತ್ತು ಬ್ರಿಜ್ ಒಟ್ಟಿಗೆ, ಹಾಗೂ ಮೂರೂ ಒಟ್ಟಿಗೆ. ನೆಕ್-ಬ್ರಿಜ್ ಜೋಡಿಯ ದನಿ ಸ್ವಚ್ಛವಾದ ರಿದಮ್‌ಗೆ ನಿಜಕ್ಕೂ ಸೊಗಸು. ಆದರೆ ನನ್ನ ಗಿಟಾರಿನಲ್ಲಿ ನಡುವಿನ ಪಿಕಪ್ಪಿನ ತಂತಿಸುರುಳಿ ಮಾತ್ರ ತಿರುಗುಮುರುಗಾಗಿ ಸುತ್ತಿದ್ದು, ಅದರ ಆಯಸ್ಕಾಂತದ ಧ್ರುವವೂ ಉಳಿದೆರಡಕ್ಕೆ ವಿರುದ್ಧವಾಗಿದೆ. ಅದು ಇನ್ನೊಂದು ಪಿಕಪ್ಪಿನ ಜೊತೆ ಸೇರಿದಾಗ ಗುಂಯ್ ಎನ್ನುವ ಸದ್ದು ಅಡಗುತ್ತದೆ, ನೆಕ್ ಮತ್ತು ಬ್ರಿಜ್ ಎರಡೇ ಸೇರಿದಾಗ ಅಡಗುವುದಿಲ್ಲ. ವೇದಿಕೆಯ ದೀಪಗಳ ನಡುವೆ ಇದು ಸಣ್ಣ ತೊಂದರೆಯಲ್ಲ. ಅದಕ್ಕಿಂತ ಹೆಚ್ಚಾಗಿ, ಕೆಳಗೆ ಅಗಲವಾಗಿ ಮೇಲಕ್ಕೆ ಕಿರಿದಾಗುವ ಈ ನಾಬ್‌ಗಳನ್ನು ಬೆವರಿದ ಬೆರಳಿನಿಂದ ಎಳೆಯುವುದೇ ಕಷ್ಟ; ಎರಡು ಸಲ ನಾಬ್ ಕೈಗೇ ಬಂತು. ಎಳೆಯುವುದರ ಬದಲು ಒತ್ತಿದರೆ ಸಾಕಾಗುವ ಪುಶ್-ಪುಶ್ ಪಾಟ್ ಕೇಳಬೇಕಿತ್ತು.

ಅಂಗಡಿಯ ಕೆಲಸದ ಬಗ್ಗೆ ಹೇಳುವುದಾದರೆ, ಮೂರು ದಿನವೆಂದದ್ದು ಒಂಬತ್ತು ದಿನವಾಯಿತು. ಹೊಸ 250 ಕಿಲೋಓಮ್ ಪಾಟ್‌ಗಳ ಕತ್ತು ದಪ್ಪವಾಗಿದ್ದರಿಂದ ಅವು ಕೂರುವ ಮೇಲ್ಫಲಕವಾದ ಪಿಕ್‌ಗಾರ್ಡ್‌ನ ರಂಧ್ರಗಳನ್ನು ಹಿಗ್ಗಿಸಬೇಕಾಯಿತು, ಹಳೆಯ ನಾಬ್‌ಗಳು ಪಾಟ್‌ಗಳ ಕಡ್ಡಿಯ ಹೊಸ ಹಲ್ಲುಗಳಿಗೆ ಹೊಂದಲಿಲ್ಲ. ಇವೆರಡನ್ನೂ ಮೊದಲೇ ತಿಳಿಸಬಹುದಿತ್ತು. ಒಂದು ಅರ್ತ್ ತಂತಿಯ ಬೆಸುಗೆ ಸರಿಯಾಗಿ ಹಿಡಿಯದೆ ಮೊದಲ ಕಾರ್ಯಕ್ರಮದಲ್ಲೇ ಕರಕರ ಸದ್ದು ಬಂತು. ಮರುದಿನ ಹಣ ಕೇಳದೆ ಸರಿಪಡಿಸಿಕೊಟ್ಟರು, ಹಳೆಯ ಬಿಡಿಭಾಗಗಳನ್ನೆಲ್ಲ ಒಂದು ಡಬ್ಬಿಯಲ್ಲಿ ಹಾಕಿ ಹಿಂದಿರುಗಿಸಿದರು, ಹೊಸ ಜೋಡಣೆಯ ನಕ್ಷೆಯನ್ನು ಕೈಯಲ್ಲೇ ಬರೆದು ಪಿಕ್‌ಗಾರ್ಡ್‌ನ ಒಳಗೆ ಅಂಟಿಸಿದ್ದರು. ಈ ಕೊನೆಯ ಶಿಸ್ತನ್ನು ನಾನು ಬೇರೆಲ್ಲೂ ಕಂಡಿಲ್ಲ.

ಎರಡನೆಯ ಗಿಟಾರನ್ನೂ ಅವರಿಗೇ ಕೊಟ್ಟಿದ್ದೇನೆ. ಅದರಲ್ಲಿ ಗುಂಯ್ ಸದ್ದನ್ನು ಅಡಗಿಸುವ ಜೋಡಿ ಸುರುಳಿಯ ಪಿಕಪ್‌ಗಳಾದ ಹಂಬಕರ್‌ಗಳಿರುವುದರಿಂದ 500 ಕಿಲೋಓಮ್ ಪಾಟ್‌ಗಳು ಬೇಕೆಂದೂ, ಟ್ರೆಬಲ್ ಬ್ಲೀಡ್‌ಗೆ ಮೊದಲ ದಿನವೇ ರೆಸಿಸ್ಟರ್ ಸೇರಿಸಬೇಕೆಂದೂ, ಎಳೆಯುವ ನಾಬ್ ಮಾತ್ರ ಬೇಡವೆಂದೂ ಚೀಟಿಯಲ್ಲಿ ಬರೆದುಕೊಟ್ಟು ಬಂದಿದ್ದೇನೆ.